ಕೇಬಲ್ಲಿನ ಉಸಿರು

ಮಾರ್ಚ್ 3, ಸೋಮವಾರ

ಎರಡೂ ಅಂಗೈಯಲ್ಲಿ ಬೊಬ್ಬೆ. ಪೆನ್ನು ಹಿಡಿದರೆ ಉರಿಯುತ್ತದೆ, ಉರಿಯಲಿ. ಇವತ್ತಿನಿಂದ ನಾನೂ ದುಡಿಯುವವರಲ್ಲಿ ಒಬ್ಬಳು. ಇಷ್ಟು ವರ್ಷ ಕರಪತ್ರಗಳಲ್ಲಿ ಓದಿದ ‘ಶ್ರಮ’ ಎಂಬ ಪದಕ್ಕೆ ಒಂದು ವಾಸನೆ ಇರುತ್ತದೆಂದು ಯಾರೂ ಬರೆದಿರಲಿಲ್ಲ: ಸಿಮೆಂಟಿನ ಧೂಳು, ಹೊಸ ಪ್ಲಾಸ್ಟಿಕ್ಕು, ಬೆವರು.

ಕಟ್ಟಡ ಒಂದು ದೊಡ್ಡ ಆಸ್ಪತ್ರೆ. ಇನ್ನೂ ತೆರೆದಿಲ್ಲ. ಮಂಚಗಳು ಪ್ಲಾಸ್ಟಿಕ್ ಹೊದ್ದುಕೊಂಡು ರೋಗಿಗಳಿಗೆ ಕಾಯುತ್ತಿವೆ. ಪ್ರತಿ ಕೋಣೆಗೂ ಫೋನು, ಕಂಪ್ಯೂಟರ್, ನರ್ಸನ್ನು ಕರೆಯುವ ಗುಂಡಿ. ಅವಕ್ಕೆಲ್ಲ ಬೇಕಾದ ಕೇಬಲ್ಲುಗಳು ಪ್ರತಿ ಮಹಡಿಯ ಮೂಲೆಯ ತಂತಿಕೋಣೆಯಿಂದ ಹೊರಡುತ್ತವೆ. ಚಾವಣಿಯಡಿ ತೂಗುಬಿಟ್ಟ ಕಬ್ಬಿಣದ ಟ್ರೇಗಳ ಮೇಲೆ ಅವನ್ನು ಹಾಯಿಸಿ, ಕೋಣೆಕೋಣೆಗೆ ಇಳಿಸುವುದು ನಮ್ಮ ಕೆಲಸ.

ಕೆಲಸ ಕೊಡಿಸಿದ್ದು ಭಾವ. ಅಕ್ಕನ ಮದುವೆಯಾದಂದಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ನನ್ನ ಕರಪತ್ರಗಳ ಗಂಟಿಗೆ ಅಟ್ಟದ ಮೇಲೆ ಜಾಗ ಮಾಡಿಕೊಟ್ಟವರೂ ಅವರೇ. ಇಲ್ಲಿ ಅವರು ಸದಾ ಏಣಿಯ ಮೇಲೆ. ಕೆಳಗೆ ಏಣಿ ಹಿಡಿದು ನಿಲ್ಲುವವನು ರೇಡಿಯೊ. ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದವನು. ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಆ ಹೆಸರು. “ಅವನ ಮಾತು ನಿಂತ್ರೆ ಏಣಿ ಬಿಟ್ಟು ಹೋಗಿದಾನೆ ಅಂತ ಗೊತ್ತಾಗುತ್ತೆ. ಅದೇ ಅನುಕೂಲ,” ಎನ್ನುತ್ತಾರೆ ಭಾವ.

ಮಧ್ಯಾಹ್ನ ಗುತ್ತಿಗೆದಾರ ಬಂದ. ಬಂದವನೇ, “ಇವತ್ತು ಎಷ್ಟು ಆಳು?” ಎಂದ.

“ಆಳಲ್ಲ ಸಾರ್, ಕೆಲಸಗಾರರು,” ಎಂದೆ.

ಎಲ್ಲರ ಕೈಯೂ ನಿಂತಿತು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಕ್ಕು ಹೋದ. ಆ ನಗುವನ್ನು ನಾನು ಮರೆಯುವುದಿಲ್ಲ.

ದಾರಿಯಲ್ಲಿ ಭಾವ, “ಏನಮ್ಮ ಕ್ರಾಂತಿ, ಮೊದಲ ದಿನಾನೇ ಸರ್ಕಾರ ಬೀಳಿಸ್ಬಿಟ್ರೆ ನಾಳೆ ಹೊತ್ತು ಹೋಗೋದು ಹೆಂಗೆ?” ಎಂದರು.

ಮಾರ್ಚ್ 5, ಬುಧವಾರ

ಇವತ್ತು ಒಂದು ಪದ ಕಲಿತೆ.

ಕೇಬಲ್ಲು ಕೋಣೆಯ ಗೋಡೆಯಲ್ಲಿ ತಂತಿ ಸೇರಿಸುವ ಡಬ್ಬಿಯವರೆಗೆ ಮುಟ್ಟಿದ ಮೇಲೆ ಅಲ್ಲಿಗೇ ಕತ್ತರಿಸುವುದಿಲ್ಲ. ಇನ್ನೊಂದು ತೋಳುದ್ದ ಎಳೆದು, ಸುರುಳಿ ಸುತ್ತಿ, ಚಾವಣಿಯ ಮೇಲೆ ಇಟ್ಟುಬಿಡುತ್ತಾರೆ. ಯಾಕೆ ಎಂದು ಕೇಳಿದೆ.

“ಉಸಿರು ಬಿಡೋದು,” ಎಂದರು ಭಾವ ಏಣಿಯ ಮೇಲಿಂದ. “ಡಬ್ಬಿ ಎಡಕ್ಕೆ ಬೇಡ ಬಲಕ್ಕೆ ಅಂದ್ರು ಅನ್ಕೊ. ತುದಿ ಹಾಳಾಯ್ತು, ಕತ್ತರಿಸ್ಬೇಕು ಅನ್ಕೊ. ಉಸಿರಿಲ್ದಿದ್ರೆ ಆ ಕೇಬಲ್ಲು ಸತ್ತಂಗೆ.”

“ಮನುಷ್ಯಂಗೂ ಅಷ್ಟೇ,” ಎಂದ ರೇಡಿಯೊ ಕೆಳಗಿನಿಂದ. “ನನ್ನ ಹೆಂಡ್ತಿ ಮದುವೆಯಾದಾಗಿಂದ ನಂಗೆ ಉಸಿರೇ ಬಿಟ್ಟಿಲ್ಲ.”

“ಅಷ್ಟು ಬಿಟ್ಟಿದ್ದಕ್ಕೇ ಬೀದಿಯೋರೆಲ್ಲ ಕಿವಿಗೆ ಹತ್ತಿ ಇಟ್ಕೊಂಡಿರೋದು,” ಎಂದರು ಭಾವ.

ಇದನ್ನು ಎಲ್ಲಾದರೂ ಬರೆಯಬೇಕು: ದುಡಿಯುವವರ ಭಾಷೆಯಲ್ಲಿ ತಂತಿಗೂ ಉಸಿರಿದೆ. ಒಡೆಯರ ಭಾಷೆಯಲ್ಲಿ ಮನುಷ್ಯನೂ ಬರೀ ಆಳು.

ಮಾರ್ಚ್ 11, ಮಂಗಳವಾರ

ಎರಡನೆಯ ಮಹಡಿ ನಮ್ಮೆಲ್ಲರ ಬೆನ್ನು ಮುರಿಯುತ್ತಿದೆ.

ಈಗಿನ ಪದ್ಧತಿ ಹೀಗೆ. ಪೆಟ್ಟಿಗೆಯಿಂದ ಒಂದು ಕೇಬಲ್ ಎಳೆಯುತ್ತೇವೆ. ಏಣಿ ಹತ್ತಿ ಟ್ರೇಗೆ ಎಸೆಯುತ್ತೇವೆ, ಇಳಿಯುತ್ತೇವೆ, ಏಣಿ ಸರಿಸುತ್ತೇವೆ, ಮತ್ತೆ ಹತ್ತುತ್ತೇವೆ. ಕೋಣೆ ಮುಟ್ಟುವ ಹೊತ್ತಿಗೆ ಮೊದಲಿನ ಕೇಬಲ್ಲುಗಳ ಜೊತೆ ಸಿಕ್ಕು ಬಿದ್ದಿರುತ್ತದೆ. ಸಂಜೆ ಹೊತ್ತಿಗೆ ಟ್ರೇ ಪೂರ್ತಿ ಕಾಗೆಗೂಡು. ಯಾವ ತುದಿ ಯಾವ ಕೋಣೆಯದೆಂದು ಹುಡುಕಲು ಒಬ್ಬೊಬ್ಬರೂ ಒಂದೊಂದು ತುದಿಯಲ್ಲಿ ನಿಂತು ಕೂಗಬೇಕು. ರೇಡಿಯೊಗೆ ಮಾತ್ರ ಅದು ಹಬ್ಬ.

ಮನೆಗೆ ಬಂದು ಅಟ್ಟದಿಂದ ‘ಯಂತ್ರವೂ ಬಿಡುವೂ’ ಇಳಿಸಿದೆ. ರದ್ದಿ ಅಂಗಡಿಯಲ್ಲಿ ಸಿಕ್ಕ ಕಿರುಹೊತ್ತಿಗೆ, ಕೊನೆಯ ಹಾಳೆಗಳಿಲ್ಲ. ಆದರೆ ಇರುವಷ್ಟರಲ್ಲೇ ಎಲ್ಲವೂ ಇದೆ: ಕೆಲಸವನ್ನು ಹಗುರಗೊಳಿಸುವ ಪ್ರತಿ ಉಪಾಯವೂ ದುಡಿಯುವವನ ಬೆನ್ನಿನಿಂದ ಇಳಿಸಿದ ಕಲ್ಲು. ಊಟ ಮಾಡುವಾಗ ಈ ಸಾಲನ್ನು ಗಟ್ಟಿಯಾಗಿ ಓದಿದೆ.

“ಇಳಿಸಿದ ಕಲ್ಲನ್ನ ಯಾರ ತಲೆ ಮೇಲೆ ಇಡ್ತಾರಂತೆ?” ಎಂದರು ಭಾವ.

“ಅದು ಕೊನೆ ಹಾಳೇಲಿ ಇರ್ಬೇಕು,” ಎಂದಳು ಅಕ್ಕ. ಅವಳು ಬೀದಿಯವರ ಬಟ್ಟೆ ಇಸ್ತ್ರಿ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವಳು. ಓದಿಲ್ಲ, ಆದರೆ ಅಣಕಿಸಲು ಅವಳಿಗೆ ಯಾವ ಪುಸ್ತಕವೂ ಬೇಕಾಗಿಲ್ಲ.

ಇಬ್ಬರೂ ನಕ್ಕರು. ನಾನು ನಗಲಿಲ್ಲ. ತಲೆಯಲ್ಲಿ ಒಂದು ಯೋಚನೆ ಮೂಡಿತ್ತು.

ಮಾರ್ಚ್ 18, ಮಂಗಳವಾರ

ಗೆದ್ದೆವು.

ಕೇಬಲ್ಲನ್ನು ಏಣಿಯ ಮೇಲೆ ಯಾಕೆ ಹೊಂದಿಸಬೇಕು? ನೆಲದ ಮೇಲೆ ಹೊಂದಿಸಬೇಕು. ಕಟ್ಟಡದ ನಕ್ಷೆ ಇಟ್ಟುಕೊಂಡು ಒಂದು ಸಾಲಿನ ಕೋಣೆಗಳ ಉದ್ದವನ್ನೆಲ್ಲ ಮೊದಲೇ ಅಳೆದುಕೊಂಡೆ. ಖಾಲಿ ವಾರ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದೆ: ಇಲ್ಲಿ ತಂತಿಕೋಣೆ, ಇಲ್ಲಿ ತಿರುವು, ಇಲ್ಲಿ ಮೊದಲ ಕೋಣೆ. ಕೇಬಲ್ಲುಗಳನ್ನು ಅದರ ಮೇಲೆ ಒಂದರ ಪಕ್ಕ ಒಂದು ಹಾಸಿ, ಎರಡೂ ತುದಿಗೆ ಕೋಣೆಯ ಗುರುತು ಅಂಟಿಸಿ, ಮೊದಲು ಕವಲೊಡೆಯುವುದನ್ನು ಹೊರಗಿನ ಅಂಚಿಗೆ, ಕೊನೆಗೆ ಕವಲೊಡೆಯುವುದನ್ನು ಒಳಗೆ ಇಟ್ಟು, ಪಟ್ಟಿಯಿಂದ ಸಡಿಲವಾಗಿ ಕಟ್ಟಿದೆವು. ಆಮೇಲೆ ಎಲ್ಲರೂ ಸೇರಿ ಒಂದೇ ಸಲ ಎತ್ತಿ ಟ್ರೇಗೆ ಮಲಗಿಸಿದೆವು. ಸಿಕ್ಕೂ ಇಲ್ಲ, ಕೂಗಾಟವೂ ಇಲ್ಲ. ಪ್ರತಿ ಕೋಣೆಯ ಬಾಗಿಲಲ್ಲಿ ಅದರದರ ತುದಿ ತಾನಾಗಿ ಇಳಿಬಿತ್ತು.

“ಜಡೆ ಹೆಣೆದಂಗಿದೆ,” ಎಂದ ರೇಡಿಯೊ. ಅದೇ ಹೆಸರು ನಿಂತಿತು. ಜಡೆ.

ಭಾವ ಏಣಿಯ ಮೇಲೆ ಕೂತು ಜಡೆಯನ್ನು ಕೈಯಲ್ಲಿ ಸವರಿ ನೋಡಿದರು. “ಚೆನ್ನಾಗಿದೆ ಕಣಮ್ಮ,” ಎಂದರು. ತಮಾಷೆ ಮಾಡಲಿಲ್ಲ. ನನಗೆ ಅಳು ಬರುವಂತಾಯಿತು.

ಎಲ್ಲರೂ ಹೊತ್ತು ಮುಳುಗುವ ಮೊದಲೇ ಮನೆಗೆ ಹೋದೆವು. ಇದೇ ಅಲ್ಲವೇ ಆ ಹೊತ್ತಿಗೆಯಲ್ಲಿರುವ ಬಿಡುವು?

ಮಾರ್ಚ್ 27, ಗುರುವಾರ

ಗುತ್ತಿಗೆದಾರ ಇವತ್ತು ನನ್ನನ್ನು ತನ್ನ ತಗಡಿನ ಕಚೇರಿಗೆ ಕರೆಸಿ ಕುರ್ಚಿ ತೋರಿಸಿದ. “ನಿಮ್ಮ ತಲೇಲಿ ಬರೀ ಘೋಷಣೆ ಇದೆ ಅನ್ಕೊಂಡಿದ್ದೆ,” ಎಂದ. ಇಡೀ ಗುಂಪಿನ ಉಸ್ತುವಾರಿ ನನಗೆ.

ನಾನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಷರತ್ತು ಹಾಕಿದೆ: ಎಲ್ಲರಿಗೂ ಕೈಗವಸು, ಕುಡಿಯಲು ಒಳ್ಳೆಯ ನೀರು, ಮಧ್ಯಾಹ್ನ ಕೂತು ಉಣ್ಣಲು ಒಂದು ಕೋಣೆ. ಕೈಗವಸು ನಾಳೆಯೇ ಬರುತ್ತದೆ. ಉಳಿದದ್ದನ್ನು ನೋಡೋಣ ಎಂದರು. ಹೋರಾಟವೆಂದರೆ ಬೀದಿಯಲ್ಲಿ ಕೂಗುವುದು ಮಾತ್ರವಲ್ಲ. ಒಳಗೆ ಕೂತು ಪಡೆಯುವುದೂ ಹೋರಾಟವೇ.

ಅಕ್ಕ ಕೇಳಿದಳು: “ಇನ್ಮೇಲೆ ನಿಮ್ಮ ಭಾವ ನಿನ್ನ ಕೈ ಕೆಳಗಾ?”

“ಯಾರೂ ಯಾರ ಕೈ ಕೆಳಗೂ ಅಲ್ಲ ಅಕ್ಕ. ಒಟ್ಟಿಗೆ ಕೆಲಸ ಮಾಡೋದು.”

“ನಂಗೇನೂ ಬೇಜಾರಿಲ್ಲ,” ಎಂದರು ಭಾವ. “ಮನೇಲೂ ಕೈ ಕೆಳಗೆ, ಹೊರಗೂ ಕೈ ಕೆಳಗೆ. ಅಭ್ಯಾಸ ತಪ್ಪೋದಿಲ್ಲ.”

ಏಪ್ರಿಲ್ 4, ಶುಕ್ರವಾರ

ಜಡೆಯಿಂದಾಗಿ ಕೆಲಸ ಬೇಗ ಮುಗಿಯುತ್ತಿದೆ, ಅರ್ಧದಷ್ಟು ಜನ ಸಾಕು ಎಂದರು ಗುತ್ತಿಗೆದಾರರು. ನಾನು ಬಲವಾಗಿ ವಾದಿಸಿದೆ. ಅದೇ ಜನ, ಕಡಿಮೆ ಹೊತ್ತು, ಅದೇ ನ್ಯಾಯ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಹಾಗಾದರೆ ಈ ಕೆಲಸವೇ ಬೇರೆಯವರ ಪಾಲಾಗುತ್ತದೆ, ಆಗ ಯಾರಿಗೂ ಇರುವುದಿಲ್ಲ ಎಂದರು. ಯಾರನ್ನು ಉಳಿಸಬೇಕೆಂದು ನೀವೇ ಹೇಳಿ ಎಂದರು.

ಬೇರೆಯವರು ಆರಿಸುವುದಕ್ಕಿಂತ ನಾನು ಆರಿಸಿದರೆ ಕಡಿಮೆ ಅನ್ಯಾಯವಾಗುತ್ತದೆ. ಹಾಗಾಗಿ ನಾನೇ ಆರಿಸಿದೆ. ಗಟ್ಟಿಮುಟ್ಟಾದವರನ್ನು ಉಳಿಸಿಕೊಂಡೆ. ಭಾವ ಇದ್ದಾರೆ. ರೇಡಿಯೊ ಇಲ್ಲ.

ರೇಡಿಯೊ ತನ್ನ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೆಚ್ಚು ಮಾತಾಡಲಿಲ್ಲ. ಹೋಗುವಾಗ, “ಏಣಿ ಯಾರು ಹಿಡೀತಾರಮ್ಮ?” ಎಂದ, ಅಷ್ಟೇ.

ಈಗ ಏಣಿ ಹತ್ತುವುದೇ ಕಡಿಮೆ. ಹಿಡಿಯಲೆಂದೇ ಒಬ್ಬರು ಬೇಕಾಗುವುದಿಲ್ಲ.

ಬದಲಾವಣೆಯ ಕಾಲದಲ್ಲಿ ಕೆಲವರಿಗೆ ನೋವಾಗುತ್ತದೆ. ಇದು ಎಲ್ಲ ಕರಪತ್ರಗಳಲ್ಲೂ ಇದೆ.

ಏಪ್ರಿಲ್ 9, ಬುಧವಾರ

ಭಾವನ ಜೊತೆ ಜಗಳ.

ಚಾವಣಿಯ ಮೇಲೆ ಸುತ್ತಿಟ್ಟಿರುವ ಸುರುಳಿಗಳನ್ನು ಗುತ್ತಿಗೆದಾರರು ಟಾರ್ಚು ಬಿಟ್ಟು ತೋರಿಸಿದರು. ಒಂದು ಮಹಡಿಯ ಉಸಿರನ್ನೆಲ್ಲ ಸೇರಿಸಿದರೆ ಇನ್ನೊಂದು ಸಾಲಿನ ಕೋಣೆಗಳಿಗಾಗುವಷ್ಟು ಕೇಬಲ್ಲು. ನಾನು ಯೋಚಿಸಿ ನೋಡಿದೆ. ಅವರು ತಮ್ಮ ಲಾಭಕ್ಕೆ ಹೇಳಿರಬಹುದು, ಆದರೆ ಮಾತು ಸರಿ. ಪ್ರತಿ ಸುರುಳಿಯೂ ಯಾವುದೋ ಕಾರ್ಖಾನೆಯಲ್ಲಿ ಯಾರೋ ಬೆವರು ಸುರಿಸಿ ಮಾಡಿದ್ದು. ಅದನ್ನು ಕತ್ತಲೆಯಲ್ಲಿ ಧೂಳು ತಿನ್ನಲು ಬಿಡುವುದು ಆ ದುಡಿಮೆಗೆ ಮಾಡುವ ಅವಮಾನ. ಹಿಂದೆ ಅಂದಾಜಿನ ಮೇಲೆ ಎಳೆಯುತ್ತಿದ್ದರು, ಉಸಿರು ಬೇಕಿತ್ತು. ಈಗ ಅಳೆದು ಕತ್ತರಿಸುತ್ತೇವೆ. ನಾಳೆಯಿಂದ ಉಸಿರು ಬಿಡುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ.

“ಕಾಗದದ ಮೇಲೆ ಗೋಡೆ ಅಲ್ಲಾಡಲ್ಲ ಕಣಮ್ಮ,” ಎಂದರು ಭಾವ. “ಕಟ್ಟಡದಲ್ಲಿ ಅಲ್ಲಾಡುತ್ತೆ.”

“ನೀವು ಹಳೇ ಅಭ್ಯಾಸಕ್ಕೆ ಅಂಟ್ಕೊಂಡಿದೀರ ಭಾವ.”

“ಅಭ್ಯಾಸ ಅಲ್ಲ, ಭಯ. ಏಣಿ ಮೇಲೆ ನಿಂತವನಿಗೆ ಸ್ವಲ್ಪ ಭಯ ಇರ್ಬೇಕು. ಇಲ್ಲಾಂದ್ರೆ ಅವನನ್ನ ಏಣಿ ಹತ್ತಿಸಬಾರದು.”

“ಎಲ್ರ ಮುಂದೆ ಹೀಗೆ ಎದುರು ಮಾತಾಡಿದ್ರೆ ನಾನು ಕೆಲಸ ತೆಗೆಯೋದು ಹೇಗೆ?”

ಅವರು ಕೈಯಲ್ಲಿದ್ದ ಸುರುಳಿಯನ್ನು ಬಿಚ್ಚಿ ನೆಲಕ್ಕೆ ಬಿಟ್ಟರು. ನಂತರ, “ಆಯ್ತು ಮೇಡಂ,” ಎಂದರು.

ತಮಾಷೆಗೆ ಅಂದದ್ದೇ ಇರಬೇಕು. ಆದರೆ ಮನೆಯವರೆಗೆ ಕ್ರಾಂತಿ ಎಂದು ಕರೆಯಲಿಲ್ಲ.

ಏಪ್ರಿಲ್ 14, ಸೋಮವಾರ

ಭಾವ ಬಿದ್ದರು.

ಐದನೆಯ ಮಹಡಿಯ ಕೊನೆಯ ಕೋಣೆ. ಅಲ್ಲಿ ನಕ್ಷೆಯಲ್ಲಿಲ್ಲದ ಒಂದು ಕಂಬ ಮುಂದೆ ಚಾಚಿಕೊಂಡಿದೆ. ಟ್ರೇ ಅದನ್ನು ಬಳಸಿ ಹೋಗುತ್ತದೆ. ಜಡೆಯ ತುದಿ ಡಬ್ಬಿಯನ್ನು ಮುಟ್ಟಲಿಲ್ಲ. ನಾನು ಕೆಳಗೆ ಮುಂದಿನ ಸಾಲಿನ ಗುರುತು ಅಂಟಿಸುತ್ತಿದ್ದೆ. “ಸಾಲ್ತಾ ಇಲ್ಲ,” ಎಂದರು. “ಸ್ವಲ್ಪ ಎಳೀರಿ ಭಾವ, ಬರುತ್ತೆ,” ಎಂದೆ, ತಲೆಯೆತ್ತದೆ. ಒಂದು ಕಾಲನ್ನು ಕಿಟಕಿಯ ಚೌಕಟ್ಟಿಗೆ ಊರಿ ಬಾಗಿ ಎಳೆದರಂತೆ. ಏಣಿ ಜಾರಿದ ಸದ್ದು ಮೊದಲು ಕೇಳಿಸಿತು.

ಎಲ್ಲ ವಾರ್ಡುಗಳಲ್ಲೂ ಮಂಚಗಳು. ಒಬ್ಬ ಡಾಕ್ಟರೂ ಇಲ್ಲ. ಬಾಗಿಲ ಹಲಗೆಯೊಂದರ ಮೇಲೆ ಮಲಗಿಸಿ ಕೆಳಗಿಳಿಸಿ, ಬೇರೆ ಆಸ್ಪತ್ರೆಗೆ ಸಾಗಿಸಿದೆವು.

ಏಪ್ರಿಲ್ 16, ಬುಧವಾರ

ಸೊಂಟದ ಕೆಳಗೆ ಅವರಿಗೆ ಏನೂ ಗೊತ್ತಾಗುತ್ತಿಲ್ಲ. ಡಾಕ್ಟರು ಕಾಲಿಗೆ ಸೂಜಿ ಚುಚ್ಚುವಾಗ ಭಾವ ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು.

ನನ್ನನ್ನು ಕಂಡು, “ಬಿದ್ದಿದ್ದೇನೋ ಆಸ್ಪತ್ರೇಲೇ ಬಿದ್ದೆ. ಸ್ವಲ್ಪ ಬೇಗ ಬಿದ್ಬಿಟ್ಟೆ, ಇನ್ನೂ ಉದ್ಘಾಟನೆ ಆಗಿರ್ಲಿಲ್ಲ,” ಎಂದರು. ಅಕ್ಕ ಮುಖ ಆಚೆ ತಿರುಗಿಸಿದಳು.

ಆಮೇಲೆ ಮೆಲ್ಲಗೆ ಹೇಳಿದರು: “ಕೆಳಗೆ ಸದ್ದೇ ಇರ್ಲಿಲ್ಲ ಕಣಮ್ಮ. ಆಗ್ಲೇ ಇಳೀಬೇಕಿತ್ತು.” ಹೊದಿಕೆಯ ಮೇಲೆ ಬಲಗೈಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ತೋರಿಸಿದರು. ಒಂದು ಗೇಣು. “ಇಷ್ಟೇ ಕಮ್ಮಿ ಬಿದ್ದಿದ್ದು. ಇಷ್ಟೇ.”

ಹೊರಗಿನ ಓಣಿಯಲ್ಲಿ ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಇಸ್ತ್ರಿಯ ಶಾಖಕ್ಕೆ ಒರಟಾದ ಕೈ. “ನಾಡಿದ್ದು ತಪಾಸಣೆಯವರು ಬರ್ತಾರಂತೆ. ನಿಮ್ಮ ಭಾವಂದೇ ತಪ್ಪು ಅಂತ ಆದ್ರೆ ಗುತ್ತಿಗೆದಾರ ಕೈ ತೊಳ್ಕೋತಾನಂತೆ. ಮುಂದಿನ ಚಿಕಿತ್ಸೆ ನಮ್ಮ ಕೈಲಾಗಲ್ಲ, ನಿಂಗೊತ್ತು. ಅಲ್ಲಿದ್ದೋಳು ನೀನೊಬ್ಳೇ. ಸುಳ್ಳೇನೂ ಹೇಳ್ಬೇಡ ಕಣೇ. ನೋಡಿದ್ದನ್ನ ಹೇಳು, ಸಾಕು.”

“ಹೇಳ್ತೀನಿ ಅಕ್ಕ,” ಎಂದೆ.

ಏಪ್ರಿಲ್ 18, ಶುಕ್ರವಾರ

ಬೆಳಗ್ಗೆ ಗುತ್ತಿಗೆದಾರರು ನನಗೆ ಏನನ್ನೂ ಹೇಳಿಕೊಡಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು. ಒಂದೇ ಮಾತು ಹೇಳಿದರು: ಜಡೆಯಲ್ಲಿ ದೋಷವಿದೆ ಎಂದಾದರೆ ಆ ಪದ್ಧತಿಯನ್ನೇ ನಿಲ್ಲಿಸುತ್ತಾರೆ, ಇಲ್ಲಿ ಮಾತ್ರವಲ್ಲ, ಎಲ್ಲ ಕಡೆ.

ಅದು ನಿಜ. ಮತ್ತೆ ಕಾಗೆಗೂಡು, ಮತ್ತೆ ದಿನವಿಡೀ ಏಣಿ ಹತ್ತಿಳಿಯುವುದು. ಇನ್ನೆಷ್ಟು ಜನರ ಬೆನ್ನು. ಒಬ್ಬರ ಮೇಲಿನ ಪ್ರೀತಿಗಾಗಿ ಎಲ್ಲರ ತಲೆಯ ಮೇಲೆ ಕಲ್ಲನ್ನು ಮತ್ತೆ ಹೊರಿಸುವ ಹಕ್ಕು ನನಗಿದೆಯೇ? ನನ್ನ ಭಾವ ಎಂಬ ಕಾರಣಕ್ಕೆ ನಾನು ಬೇರೆ ಉತ್ತರ ಕೊಟ್ಟರೆ, ಅದು ಸ್ವಂತದವರನ್ನು ನೋಡಿಕೊಳ್ಳುವ ಹಳೆಯ ರೋಗವೇ ಅಲ್ಲವೇ?

ತಪಾಸಣೆಯ ಅಧಿಕಾರಿ ಕಂಬವನ್ನು ನೋಡಿದರು. “ಕೇಬಲ್ಲು ಗಿಡ್ಡ ಬಂದಿತ್ತಾ?” ಎಂದು ಕೇಳಿದರು.

“ಅಳತೆ ಪ್ರಕಾರವೇ ಕತ್ತರಿಸಿದ್ದು.”

“ಏಣಿ ಇಳಿದು, ಸರಿಸಿಕೊಂಡು, ಮತ್ತೆ ಹತ್ತಬಹುದಿತ್ತಾ?”

“ಹೂಂ. ಹತ್ತಬಹುದಿತ್ತು.”

“ಹಾಗೇ ಎಳೀಬೇಕು ಅಂತ ಯಾರಾದ್ರೂ ಹೇಳಿದ್ರಾ?”

ಇದಕ್ಕೆ ನಾನು, “ನಿಯಮ ಎಲ್ಲರಿಗೂ ಗೊತ್ತಿದೆ,” ಎಂದೆ.

ಒಂದೂ ಸುಳ್ಳಲ್ಲ. ಅಕ್ಕನಿಗೆ ಕೊಟ್ಟ ಮಾತನ್ನೂ ಮೀರಿಲ್ಲ. ಅಧಿಕಾರಿ ತಲೆಯಾಡಿಸಿ, ಕೆಲಸಗಾರನ ಅಜಾಗರೂಕತೆ ಎಂದು ತಮ್ಮ ಜೊತೆಗಿದ್ದವರಿಗೆ ಹೇಳಿದರು.

ಜಡೆ ಉಳಿಯಿತು.

ಏಪ್ರಿಲ್ 22, ಮಂಗಳವಾರ

ಸಂಜೆ ಮನೆಗೆ ಬಂದಾಗ ನನ್ನ ಬಟ್ಟೆಗಳೆಲ್ಲ ಚೀಲದಲ್ಲಿದ್ದವು. ಒಗೆದು, ಇಸ್ತ್ರಿ ಮಾಡಿ, ಗೆರೆ ತಪ್ಪದಂತೆ ಮಡಿಸಿ. ಕರಪತ್ರಗಳ ಗಂಟು ಅಟ್ಟದಿಂದ ಇಳಿದು ಪಕ್ಕದಲ್ಲಿ ಕೂತಿತ್ತು.

ಅಕ್ಕ ಬೇರೆ ಯಾರದೋ ಅಂಗಿಗೆ ಇಸ್ತ್ರಿ ಉಜ್ಜುತ್ತಿದ್ದಳು. “ಒಂದೇ ಕೇಳ್ತೀನಿ,” ಎಂದಳು. “ಎಳೀರಿ ಅಂತ ನೀನು ಅಂದ್ಯಂತೆ. ಅವರು ನಂಗೆ ಹೇಳ್ಲಿಲ್ಲ. ನಿದ್ದೇಲಿ ಅದಕ್ಕೇ ಉತ್ತರ ಕೊಡ್ತಾ ಇದ್ರು. ‘ಎಳೀತಾ ಇದೀನಿ ಕಣಮ್ಮ, ಎಳೀತಾ ಇದೀನಿ’ ಅಂತ. ಅಂದ್ಯಾ?”

ನಾನು ಪದ್ಧತಿಯ ವಿಷಯ, ಎಷ್ಟು ಜನರ ಬೆನ್ನಿನ ವಿಷಯ ಹೇಳತೊಡಗಿದೆ.

“ಅಂದ್ಯಾ ಇಲ್ವಾ?”

“ಅಂದೆ.”

ಅಂಗಿ ಮಡಿಸಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ಹಾಸಿದಳು. ಅಲ್ಲಿಗೆ ಮುಗಿಯಿತು.

ಚೀಲ ಎತ್ತಿಕೊಂಡು ಮೊದಲು ಭಾವ ಇರುವ ಆಸ್ಪತ್ರೆಗೆ ಹೋದೆ. ಭಾವನನ್ನು ಸಾಮಾನ್ಯ ವಾರ್ಡಿನ ನೆಲದ ಹಾಸಿಗೆಗೆ ಇಳಿಸಿದ್ದಾರೆ. ಕಣ್ಣು ಮುಚ್ಚಿಕೊಂಡೇ, “ಆ ಪುಸ್ತಕದ ಕೊನೆ ಹಾಳೆ ಸಿಕ್ತಾ ಕ್ರಾಂತಿ?” ಎಂದರು.

ನೋವಿನ ಮಾತ್ರೆಯ ಮಂಪರಿನಲ್ಲಿ ಏನೇನೋ ಕೇಳುತ್ತಾರೆ.

ಮೇ 2, ಶುಕ್ರವಾರ

ಕೆಲಸದ ಜಾಗದ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದಿದ್ದೇನೆ. ಕಿಟಕಿಯಿಂದ ಆಸ್ಪತ್ರೆಯ ಹಿಂಬದಿ ಕಾಣುತ್ತದೆ. ಗಂಟು ಇನ್ನೂ ಬಿಚ್ಚಿಲ್ಲ.

ಆರನೆಯ ಮಹಡಿ ಮುಗಿಯಿತು. ಇವತ್ತು ಹೊಸ ಆಳುಗಳು ಬಂದರು. ಕೈ ನಿಧಾನ, ಆದರೆ ತಿದ್ದಬಹುದು. ಉಣ್ಣುವ ಕೋಣೆ ಇನ್ನೂ ಆಗಿಲ್ಲ. ಈಗ ಅದನ್ನು ಕೇಳುವ ಹೊತ್ತಲ್ಲ.

ಮಧ್ಯಾಹ್ನ ನಾನೇ ಏಣಿ ಹತ್ತಿ ಚಾವಣಿಯ ಮೇಲೆ ಟಾರ್ಚು ಬಿಟ್ಟು ನೋಡಿದೆ. ಒಂದು ತುದಿಯ ಹತ್ತಿರ ಸಣ್ಣ ಸುರುಳಿ, ಬಟ್ಟೆಯ ಚೂರಿನಿಂದ ಕಟ್ಟಿ, ಮೂಲೆಗೆ ಸರಿಸಿಟ್ಟಿದ್ದರು. ಕೆಳಗೆ ನಿಂತಿದ್ದ ಹೊಸ ಹೆಂಗಸನ್ನು ಏನಿದು ಎಂದು ಕೇಳಿದೆ. ನಡುವಯಸ್ಸು. ಹೇಳದೇ ಇದ್ದರೂ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಿದ್ದಳು.

“ಉಸಿರು, ಮೇಡಂ. ಸ್ವಲ್ಪ ಬಿಡ್ಬೇಕಂತೆ. ಇಲ್ಲಿ ಎಲ್ರೂ ಹಂಗೇ ಹೇಳ್ತಾರೆ.”

“ಅದಕ್ಕೆ ಹೆಚ್ಚುವರಿ ಅಂತಾರೆ. ನಾವು ಹೆಚ್ಚುವರಿ ಬಿಡಲ್ಲ. ಕತ್ತರಿಸಿ.”

ನಾನು ಇಳಿದೆ. ಅವಳು ಹತ್ತಿದಳು. ಕತ್ತರಿ ತೆರೆದು, ಕೇಬಲ್ಲನ್ನು ಬೆರಳಲ್ಲಿ ಹಿಡಿದು, ಕೆಳಗೆ ನೋಡಿದಳು. “ಎಷ್ಟು ತೆಗೀಲಿ ಮೇಡಂ?”

ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಎತ್ತಿ ತೋರಿಸಿದೆ.

“ಇಷ್ಟೇನಾ?”

“ಇಷ್ಟೇ.”

ಅವಳು ಕತ್ತರಿಸಿದಳು. ಚೂರು ನೆಲಕ್ಕೆ ಬಿತ್ತು, ಸದ್ದೇನೂ ದೊಡ್ಡದಲ್ಲ. ನಾಳೆ ಏಳನೆಯ ಮಹಡಿ ಶುರು. ಬೆಳಗ್ಗೆ ಬೇಗ ಹೋಗಿ ನೆಲದ ಮೇಲೆ ದಾರಿ ಬರೆಯಬೇಕು.

ಇದನ್ನು ಬರೆಯುತ್ತಿರುವಾಗ ಎಡಗೈ ಹಾಳೆಯ ಮೇಲೆ ಹಾಗೇ ಅಗಲಿಸಿಕೊಂಡು ಕೂತಿದೆ. ದಿನವಿಡೀ ಪಟ್ಟಿ ಕಟ್ಟಿದ್ದಕ್ಕೆ ಹಿಡಿದುಕೊಂಡಿರಬೇಕು. ಎಷ್ಟು ಹೊತ್ತಾದರೂ ಮಡಚಲು ಬರುತ್ತಿಲ್ಲ.